ಹಳೇ ಮನೆ ಕೊಳ್ಳುವುದಾದರೆ ಯಾವ ಸೀಮೆಯದ್ದು? ತೊಟ್ಟಿಮನೆ, ಚೌಕಿಮನೆ, ಗುತ್ತಿನ ಮನೆ, ವಾಡೆ

ಹಳೇ ಮನೆ ಮಾರಾಟಕ್ಕಿದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಫೋಟೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೆತ್ತನೆಯ ಹೆಬ್ಬಾಗಿಲು, ಕಂಬಗಳ ಸಾಲು, ಬಿಸಿಲು ಬಿದ್ದ ತೊಟ್ಟಿ, ಇದ್ದರೆ ಒಂದು ಉಯ್ಯಾಲೆ. ಮಾಡಿನ, ಅಂದರೆ ಮೇಲ್ಛಾವಣಿಯ, ಫೋಟೊ ಯಾರೂ ಹಾಕುವುದಿಲ್ಲ. ಬಚ್ಚಲಿನ ಹಿಂದಿನ ಗೋಡೆ ಯಾರಿಗೂ ಬೇಡ. ಕ್ರಯಪತ್ರಕ್ಕೆ ಎಷ್ಟು ಜನ ಸಹಿ ಹಾಕಬೇಕು ಅನ್ನುವ ವಿಷಯದಲ್ಲಂತೂ ಬ್ರೋಕರ್ ಕೊನೆಯವರೆಗೂ ಬಾಯಿ ಬಿಡುವುದಿಲ್ಲ.

ಬೆಂಗಳೂರಿನ ಫ್ಲ್ಯಾಟ್ ಸಾಕಾಗಿ, ಯಾವುದಾದರೂ ಸಣ್ಣ ಊರಲ್ಲಿ ನೂರು ವರ್ಷದ ಮನೆ ಕೊಂಡು ಇದ್ದುಬಿಡೋಣ ಅನ್ನುವವರು ಈಗ ಜಾಸ್ತಿ. ಅವರೆಲ್ಲ ಕೇಳುವ ಪ್ರಶ್ನೆ ‘ಯಾವ ಕಡೆಯ ಮನೆ ಚೆನ್ನ?’ ಚೆಂದದ ಮಾತಾದರೆ ಎಲ್ಲವೂ ಚೆನ್ನವೇ. ಆದರೆ ಕಂಬ ನೋಡಿ ಮನೆ ಆರಿಸಬೇಡಿ ಅನ್ನುವುದು ನನ್ನ ಮಾತು. ಎರಡು ನೋಡಿ: ಮಾಡು, ಮತ್ತು ಮನೆಯವರ ವಂಶವೃಕ್ಷ. ಒಂದು ಮಳೆಗೆ ಸೋರುತ್ತದೆ, ಇನ್ನೊಂದು ಕೋರ್ಟಿನಲ್ಲಿ. ಯಾವುದು ಎಷ್ಟು ಸೋರುತ್ತದೆ ಅನ್ನುವುದು ಸೀಮೆಯಿಂದ ಸೀಮೆಗೆ ಬದಲಾಗುತ್ತದೆ.

ಹಳೇ ಮೈಸೂರು ಸೀಮೆಯ ತೊಟ್ಟಿಮನೆ

ಶ್ರೀರಂಗಪಟ್ಟಣ, ಮೇಲುಕೋಟೆ, ನಂಜನಗೂಡು, ತಲಕಾಡು, ಇಂಥ ಊರುಗಳ ಹಳೇ ಬೀದಿಗಳಲ್ಲಿ ಸಿಗುವ ಮನೆ ಇದು. ಮುಂಭಾಗ ಕಿರಿದು, ಆಳ ಜಾಸ್ತಿ. ಜಗಲಿ ದಾಟಿದರೆ ಪಡಸಾಲೆ, ಆಮೇಲೆ ತೊಟ್ಟಿ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲು, ಬಾವಿ. ಎರಡೂ ಪಕ್ಕದಲ್ಲಿ ಬೇರೆಯವರ ಮನೆ ಅಂಟಿಕೊಂಡೇ ಇರುವುದರಿಂದ ಪಕ್ಕದ ಗೋಡೆಗಳಲ್ಲಿ ಕಿಟಕಿ ಇರುವುದಿಲ್ಲ. ಬೆಳಕು, ಗಾಳಿ ಎಲ್ಲ ತೊಟ್ಟಿಯಿಂದಲೇ.

ಇದರ ದೊಡ್ಡ ಲಾಭ ಮನೆಯಲ್ಲಿಲ್ಲ, ಬೀದಿಯಲ್ಲಿದೆ. ನಲ್ಲಿ ನೀರು, ಕರೆಂಟು, ಔಷಧಿ ಅಂಗಡಿ, ಬೆಳಿಗ್ಗೆ ಇಡ್ಲಿ ಸಿಗುವ ಹೋಟೆಲು ಎಲ್ಲ ಕಾಲ್ನಡಿಗೆಯಲ್ಲೇ ಇವೆ. ನೀವು ತಿಂಗಳುಗಟ್ಟಲೆ ಇಲ್ಲದಿದ್ದರೂ ಎದುರು ಮನೆಯವರ ಕಣ್ಣು ನಿಮ್ಮ ಬಾಗಿಲ ಮೇಲಿರುತ್ತದೆ. ವಯಸ್ಸಾದ ಮೇಲೆ ಇರಲು ಹೋಗುವವರಿಗೆ ಕೆತ್ತನೆಗಿಂತ ಇದು ಮುಖ್ಯ ಅಲ್ವಾ?

ಮಾಡು ಎರಡು ಬಗೆ. ಒಂದು ಹೆಂಚಿನದು. ಇನ್ನೊಂದು ಮದ್ರಾಸ್ ತಾರಸಿ: ಒತ್ತೊತ್ತಾಗಿ ಮರದ ಜಂತೆ ಇಟ್ಟು, ಅದರ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂರಿಸಿದ್ದು. ಇಂಥ ತಾರಸಿ ನೋಡುವಾಗ ಜಂತೆಯ ನಡುಭಾಗ ನೋಡಿ ಮೆಚ್ಚಬೇಡಿ. ಜಂತೆ ಗೋಡೆಯೊಳಗೆ ಹೋಗುವ ತುದಿ ನೋಡಿ. ನೀರಿನ ಪಸೆ ಗೋಡೆಯಲ್ಲಿ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲೆ ಬಣ್ಣ ಬಳಿದಿರುತ್ತಾರೆ, ಮರ ಗಟ್ಟಿ ಇದ್ದಂತೆಯೇ ಕಾಣುತ್ತದೆ. ಒಂದು ಸ್ಕ್ರೂಡ್ರೈವರ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಏಣಿ ಹತ್ತಿ, ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಮೆಲ್ಲಗೆ ಒತ್ತಿ. ಒಳ್ಳೇ ಸಾಗವಾನಿಯಾದರೆ ಮೊನೆ ಜಾರುತ್ತದೆ. ಕೆಟ್ಟಿದ್ದರೆ ಬಣ್ಣದ ಪದರ ‘ಚಟ್’ ಎಂದು ಒಡೆದು ಮೊನೆ ಸಲೀಸಾಗಿ ಒಳಗೆ ಹೋಗುತ್ತದೆ, ಹೊರಗೆಳೆದರೆ ಹಿಟ್ಟು ಉದುರುತ್ತದೆ. ಒಣ ಪುಡಿಯಾದರೆ ಕುಟ್ಟೆ ಹುಳ. ಮಣ್ಣು ಮೆತ್ತಿದ ಗೀರುಗಳಿದ್ದರೆ ಗೆದ್ದಲು. ಮಾಲೀಕರು ಪಕ್ಕದಲ್ಲೇ ನಿಂತು ‘ಏನೂ ಆಗಿಲ್ಲ ಸಾರ್, ಅಜ್ಜನ ಕಾಲದ್ದು’ ಅನ್ನುತ್ತಿರುತ್ತಾರೆ. ನೀವು ನಗುತ್ತಾ ಮುಂದಿನ ಜಂತೆ ಒತ್ತಿ.

ಇಲ್ಲಿ ಎರಡು ತೊಡಕು ಇವೆ. ಮೊದಲನೆಯದು ಇಬ್ಬರಿಗೂ ಸೇರಿದ ಪಕ್ಕದ ಗೋಡೆ. ಪಕ್ಕದವರು ತಮ್ಮ ಹಳೇ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸಲು ಪಾಯ ತೋಡಿದರೆ, ಅಲ್ಲಿವರೆಗೆ ಮಳೆಯನ್ನೇ ಕಾಣದ ನಿಮ್ಮ ಮಣ್ಣಿನ ಗೋಡೆ ಇದ್ದಕ್ಕಿದ್ದಂತೆ ಬಯಲಿಗೆ ಬೀಳುತ್ತದೆ. ಆದ್ದರಿಂದ ಮನೆ ನೋಡಲು ಹೋದಾಗ ಅಕ್ಕಪಕ್ಕದವರ ಜೊತೆಗೂ ಕೂತು ಕಾಫಿ ಕುಡಿಯಿರಿ. ಅವರ ಪ್ಲಾನು ಏನು ಅಂತ ತಿಳಿದುಕೊಳ್ಳಿ.

ಎರಡನೆಯದು ಸ್ಮಾರಕದ ನಿಯಮ. ಕೇಂದ್ರ ಪುರಾತತ್ವ ಇಲಾಖೆ ಕಾಪಾಡುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನು 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. 2010ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಇದು ಬಿಗಿಯಾಗಿದೆ. 1992ರ ಜೂನ್ 16ಕ್ಕಿಂತ ಮುಂಚೆಯೇ ಇದ್ದ ಮನೆಯನ್ನು ರಿಪೇರಿ ಮಾಡಿಸಬಹುದು, ಅದಕ್ಕೂ ಅರ್ಜಿ ಹಾಕಬೇಕು. ಶ್ರೀರಂಗಪಟ್ಟಣ, ಬೇಲೂರು, ಹಳೇಬೀಡು, ಬಾದಾಮಿಯಂಥ ಊರುಗಳಲ್ಲಿ ಮನೆ ಅಗ್ಗಕ್ಕೆ ಸಿಕ್ಕಿತೆಂದರೆ ಮೊದಲು ಗೂಗಲ್ ಮ್ಯಾಪ್‌ನಲ್ಲಿ ದೂರ ಅಳೆಯಿರಿ. ಹಳೇ ಮನೆಯನ್ನು ಹಳೇ ಮನೆಯಾಗಿಯೇ ಇಟ್ಟುಕೊಳ್ಳುವವರಿಗೆ ಈ ನಿಯಮ ಒಂದು ರೀತಿಯಲ್ಲಿ ಒಳ್ಳೆಯದೇ. ಎದುರಿಗೆ ಕಾಂಪ್ಲೆಕ್ಸ್ ಏಳುವುದಿಲ್ಲ. ಆದರೆ ಮೇಲೊಂದು ರೂಮು ಹಾಕಿಸುತ್ತೇನೆ ಅಂದುಕೊಂಡು ಕೊಂಡವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಮಲೆನಾಡಿನ ಚೌಕಿಮನೆ

ಎಲ್ಲರ ಮನಸ್ಸು ಹೋಗುವುದು ಇಲ್ಲಿಗೇ. ತೀರ್ಥಹಳ್ಳಿ, ಸಾಗರ, ಕೊಪ್ಪ, ಶೃಂಗೇರಿ ಸುತ್ತಿನ ದೊಡ್ಡ ಮನೆಗಳು. ನಡುವೆ ಒಳ ಅಂಗಳ, ಸುತ್ತ ಜಗಲಿ, ಒಬ್ಬರ ತೋಳಿಗೆ ಸಿಗದಷ್ಟು ದಪ್ಪದ ಕಂಬ, ಅಡಿಕೆ, ಭತ್ತ ತುಂಬಿಡುತ್ತಿದ್ದ ಅಟ್ಟ, ಹಿಂದೆ ಕೊಟ್ಟಿಗೆ. ನಾಲ್ಕೂ ಬಗೆಯಲ್ಲಿ ಚೆಲುವಿಗೆ ಇದೇ ಮೊದಲು. ಖರ್ಚಿಗೂ ಇದೇ ಮೊದಲು.

ಕಾರಣ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ವಿಜಯಪುರ, ಬಾಗಲಕೋಟೆ ಕಡೆ 600ರ ಆಸುಪಾಸು. ಇಷ್ಟು ಮಳೆಯಲ್ಲಿ ಮಣ್ಣಿನ ಗೋಡೆಯ ಮನೆ ನೂರು ವರ್ಷ ನಿಂತಿದೆ ಎಂದರೆ ಅದು ಗೋಡೆಯ ಗಟ್ಟಿತನದಿಂದಲ್ಲ, ಪ್ರತಿ ವರ್ಷ ಯಾರೋ ಮಾಡಿದ ಚಾಕರಿಯಿಂದ. ಮೇ ತಿಂಗಳಲ್ಲಿ ಹೆಂಚು ಇಳಿಸಿ, ತೊಳೆದು, ಒಡೆದಿದ್ದನ್ನು ಬದಲಿಸಿ ಮತ್ತೆ ಹೊದಿಸಬೇಕು. ಗಾಳಿಮಳೆ ಬಡಿಯುವ ದಿಕ್ಕಿಗೆ ಸೋಗೆಯ ತಟ್ಟಿ ಕಟ್ಟಬೇಕು (ಈಗ ನೀಲಿ ಪ್ಲಾಸ್ಟಿಕ್ ಬಂದಿದೆ). ಒಲೆ ಉರಿಯುತ್ತಿದ್ದರೆ ಆ ಹೊಗೆಗೆ ಹೆಂಚು ಹೊರುವ ಮರಗಳಾದ ಪಕಾಸು, ರೀಪುಗಳಿಗೆ ಹುಳ ಹತ್ತುತ್ತಿರಲಿಲ್ಲ. ಮನೆ ಖಾಲಿಯಾಗಿ ಒಲೆ ಆರಿದ ಮೇಲೆ ಮೂರ್ನಾಲ್ಕು ಮಳೆಗಾಲ ಸಾಕು. ಇದಕ್ಕೆಲ್ಲ ಕಿರೀಟವಿಟ್ಟಂತೆ ಮಂಗಗಳು. ಮಂಗ ಹಾರಿ ಒಂದು ಹೆಂಚು ಸರಿದರೆ ಸಾಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಒಂದೇ ಕಿಂಡಿಯಿಂದ ನೀರು ಒಂದೇ ಜಂತೆಯ ಮೇಲೆ ಬೀಳುತ್ತಲೇ ಇರುತ್ತದೆ.

ಆದ್ದರಿಂದ ಮಲೆನಾಡಿನ ಮನೆಯನ್ನು ಬೇಸಿಗೆಯಲ್ಲಿ ನೋಡಿ ಅಡ್ವಾನ್ಸ್ ಕೊಡಬೇಡಿ. ಜುಲೈನಲ್ಲಿ ಹೋಗಿ. ಒಳ ಅಂಗಳದ ನಾಲ್ಕು ಮೂಲೆ ನೋಡಿ. ಎರಡು ಮಾಡುಗಳ ನೀರು ಒಂದಾಗಿ ಇಳಿಯುವ ಜಾಗ ಅದು, ಸೋರಿಕೆ ಶುರುವಾಗುವುದು ಅಲ್ಲೇ. ಅಂಗಳದ ನೀರು ಹೊರಗೆ ಹೋಗುವ ಮೋರಿ ಎಲ್ಲಿದೆ, ಕಟ್ಟಿಕೊಂಡಿದೆಯೋ ಹರಿಯುತ್ತಿದೆಯೋ ನೋಡಿ. ರಾತ್ರಿ ಉಳಿಯಲು ಬಿಟ್ಟರೆ ಉಳಿಯಿರಿ. ಸೋರುವ ಮನೆ ಹಗಲಲ್ಲಿ ಸುಳ್ಳು ಹೇಳಬಹುದು, ರಾತ್ರಿ ಪಾತ್ರೆಗಳ ಸದ್ದು ಹೇಳಿಬಿಡುತ್ತದೆ.

ಹೆಂಚಿನ ಬಗ್ಗೆ ಒಂದು ಮಾತು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಅದಕ್ಕೂ ಮುಂಚಿನ ಮನೆಗಳಿಗೆ ಸೋಗೆ, ಹುಲ್ಲು ಇಲ್ಲವೇ ಕುಂಬಾರರು ಮಾಡಿದ ನಾಡಹೆಂಚು ಇರುತ್ತಿತ್ತು. ನಿಮಗೆ ತೋರಿಸುವ ಮನೆ ‘ಮುನ್ನೂರು ವರ್ಷದ್ದು’ ಎಂದರೂ ಮೇಲಿನ ಕಾರ್ಖಾನೆ ಹೆಂಚಿನ ಮಾಡು ಆಮೇಲೆ ಬಂದದ್ದೇ. ಮುನ್ನೂರು ವರ್ಷ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ, ಬೆಲೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಾಗಿಲ ಮೇಲೆ ಇಸವಿ ಕೊರೆದಿದ್ದರೆ, ಹಳೇ ಪಾಲುಪಟ್ಟಿಯಲ್ಲಿ ಮನೆಯ ಉಲ್ಲೇಖ ಇದ್ದರೆ ಅದು ಲೆಕ್ಕ. ಹೆಂಚಿನ ಕೆಳಗಡೆ ಕಾರ್ಖಾನೆಯ ಅಚ್ಚು ಇರುತ್ತದೆ. ಒಂದು ತೆಗೆಸಿ ತಿರುಗಿಸಿ ನೋಡಿ, ಅದು ಸುಳ್ಳು ಹೇಳುವುದಿಲ್ಲ.

ಇನ್ನೊಂದು ವಿಷಯ ಜಾಗದ್ದು. ಮಲೆನಾಡಿನ ಮನೆ ಸಾಮಾನ್ಯವಾಗಿ ಬೀದಿಯಲ್ಲಿರುವುದಿಲ್ಲ, ತೋಟದ ಅಂಚಿನಲ್ಲಿ ಒಂಟಿಯಾಗಿರುತ್ತದೆ. ಮನೆ ನಿಂತ ನೆಲ ಗ್ರಾಮಠಾಣಾ (ಊರಿನ ವಾಸದ ಜಾಗ) ಒಳಗಿದೆಯೋ, ಕೃಷಿ ಜಮೀನಿನಲ್ಲಿದೆಯೋ ತಿಳಿಯಬೇಕು. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆ ಅಡ್ಡಿ ಹೋಗಿದೆ. ಆದರೆ ಮನೆಗೆ ಬರುವ ದಾರಿ ಯಾರ ಸರ್ವೆ ನಂಬರಿನಲ್ಲಿದೆ? ದಾಯಾದಿಯ ತೋಟದಲ್ಲಿ ಹಾದು ಬರುತ್ತದೆಯೇ? ಅಣ್ಣತಮ್ಮಂದಿರಿಗೆ ಬಾಯಿಮಾತಲ್ಲಿ ನಡೆದ ದಾರಿ ನಿಮಗೆ ನಡೆಯುವುದಿಲ್ಲ.

ಕರಾವಳಿಯ ಗುತ್ತಿನ ಮನೆ

ಕಟ್ಟಡವಾಗಿ ನೋಡಿದರೆ ಇದು ಮಲೆನಾಡಿನದಕ್ಕಿಂತ ಗಟ್ಟಿ. ಗೋಡೆ ಕೆಂಪು ಮುರಕಲ್ಲಿನದಾದರೆ ಮಳೆಗೆ ಮಣ್ಣಿನ ಹಾಗೆ ಕರಗುವುದಿಲ್ಲ. ಹೆಂಚು ಇಲ್ಲೇ ಹುಟ್ಟಿದ್ದು. ಬಡಗಿಗಳೂ ಇನ್ನೂ ಸಿಗುತ್ತಾರೆ.

ಆದರೂ ಹೊರಗಿನವರಿಗೆ ನಾನು ಇದನ್ನು ಹೇಳುವುದಿಲ್ಲ. ತುಳುನಾಡಿನ ಗುತ್ತಿನ ಮನೆ (ಊರಿನ ಹಿರಿ ಮನೆತನದ್ದು), ಕುಟುಂಬದ ಮನೆ ಅಂದರೆ ಬರೀ ವಾಸದ ಮನೆಯಲ್ಲ. ಚಾವಡಿಯಲ್ಲಿ ದೈವದ ಮಂಚ ಇರುತ್ತದೆ, ವರ್ಷಕ್ಕೊಮ್ಮೆ ದೈವದ ಸೇವೆಯಾಗಿ ನೇಮವೋ ತಂಬಿಲವೋ ನಡೆಯುತ್ತದೆ, ಮುಂಬೈ, ದುಬೈಯಿಂದ ಕುಟುಂಬದವರು ಬಂದು ಸೇರುತ್ತಾರೆ. ಗೋಡೆ ನಿಮ್ಮ ಹೆಸರಿಗೆ ಆದರೂ ಆ ಚಾವಡಿ ನಿಮ್ಮದಾಗುವುದಿಲ್ಲ. ಆಗಬಾರದು ಕೂಡ.

ಕಾಗದದ ಕಡೆ ಬಂದರೆ ಇಲ್ಲಿ ಅಳಿಯಸಂತಾನದ ಲೆಕ್ಕ ಬರುತ್ತದೆ. ಆಸ್ತಿ ತಾಯಿಯ ಕಡೆಯಿಂದ ಬಂದಿರುತ್ತದೆ, ಪಾಲು ಕವರುಗಳ, ಅಂದರೆ ಹೆಣ್ಣಿನ ಕಡೆಯ ಶಾಖೆಗಳ, ಮೇಲೆ ಹೋಗಿರುತ್ತದೆ. 1949ರ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಎರಡರ ನಡುವೆ ಯಾರು ಯಾವಾಗ ತೀರಿಕೊಂಡರು ಅನ್ನುವುದರ ಮೇಲೆ ಹಕ್ಕು ನಿಂತಿರುತ್ತದೆ. ಬೆಂಗಳೂರಿನ ವಕೀಲರಿಗೆ ಇದು ಒಗ್ಗುವುದು ಕಷ್ಟ, ಮಂಗಳೂರಿನದೋ ಉಡುಪಿಯದೋ ವಕೀಲರೇ ಬೇಕು. ಮೂಲಗೇಣಿಯ, ಅಂದರೆ ಕಾಯಂ ಗೇಣಿಯ, ಜಾಗವಾದರೆ ಇನ್ನೊಂದು ಸುತ್ತು. ಮೂಲಗೇಣಿದಾರರಿಗೆ ಮಾಲೀಕತ್ವ ಕೊಡುವ ಕಾಯ್ದೆ 2011ರದ್ದು ಇದೆ, ಆದರೆ ನೀವು ನೋಡುತ್ತಿರುವ ಜಾಗದ ಮೂಲಗೇಣಿ ಮಾಲೀಕತ್ವವಾಗಿ ಬದಲಾಗಿದೆಯೇ ಅನ್ನುವುದು ಬೇರೆ ಪ್ರಶ್ನೆ.

ಕೊಡಗಿನ ಐನ್‌ಮನೆಯ ಮಾತೂ ಇದೇ. ಅದು ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಅದನ್ನು ಮಾರುತ್ತೇನೆ ಎಂದು ಒಬ್ಬರೇ ಬಂದು ಹೇಳಿದರೆ ಕಾಫಿ ಕುಡಿದು ಎದ್ದು ಬನ್ನಿ.

ಉತ್ತರದ ವಾಡೆ

ದೇಸಾಯರ ವಾಡೆ, ದೇಶಪಾಂಡೆಯವರ ವಾಡೆ, ಗೌಡರ ಮನೆ. ಧಾರವಾಡದಿಂದ ಹಿಡಿದು ಕಲಬುರಗಿವರೆಗೆ ಸಣ್ಣ ಊರುಗಳಲ್ಲಿ ಬೀಗ ಹಾಕಿದ ದೊಡ್ಡ ಮನೆಗಳು ಬೇಕಾದಷ್ಟು. ಎರಡು ಮೂರು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಎತ್ತರದ ಕಟ್ಟಿ, ಉದ್ದನೆಯ ಪಡಸಾಲಿ, ಮೇಲಿನಿಂದ ಬೆಳಕು ಬೀಳುವ ಬೆಳಕಿಂಡಿ, ನೆಲದಡಿ ಜೋಳ ತುಂಬಿಡುತ್ತಿದ್ದ ಹಗೇವು, ಕಾಲಿಗೆ ತಂಪಾದ ಶಹಾಬಾದ್ ಕಲ್ಲಿನ ನೆಲ. ಏಪ್ರಿಲ್ ಮಧ್ಯಾಹ್ನ ಹೊರಗೆ ಬೆಂಕಿ ಸುರಿಯುವಾಗ ಒಳಗೆ ಫ್ಯಾನ್ ಇಲ್ಲದೆ ಕೂರಬಹುದು. ಕೊಟ್ಟ ದುಡ್ಡಿಗೆ ಸಿಗುವ ಜಾಗ ನೋಡಿದರೆ ನಾಲ್ಕರಲ್ಲಿ ಇದೇ ಲಾಭ. ಕೊಳ್ಳುವವರು ಕಮ್ಮಿ ಇರುವುದರಿಂದ ಚೌಕಾಸಿಗೂ ಎಡೆ ಇದೆ.

ಇದರ ತೊಂದರೆ ನೆತ್ತಿಯ ಮೇಲೆ. ಮಣ್ಣಿನ ಮೇಲ್ಮುದ್ದೆ ಇರುವ ಮಾಳಿಗೆಯಾದರೆ (ಮಟ್ಟಸವಾದ ಮಾಡು), ಪ್ರತಿ ಮಳೆಗಾಲಕ್ಕೆ ಮುಂಚೆ ಮೇಲೆ ಚೌಳು ಮಣ್ಣು ಹರಡುವ ರೂಢಿ. ಹಳೆಯದನ್ನು ತೆಗೆಯದೆ ಹೊಸದನ್ನು ಹಾಕುತ್ತಾ ಹೋಗಿರುತ್ತಾರೆ. ಐವತ್ತು ವರ್ಷದಲ್ಲಿ ಅಷ್ಟೂ ಭಾರ ತೊಲೆಗಳ ಮೇಲೆ ಕೂತಿರುತ್ತದೆ. ಪಡಸಾಲಿಯ ಒಂದು ತುದಿಯಲ್ಲಿ ನಿಂತು ತೊಲೆಯ ಸಾಲನ್ನು ಕಣ್ಣಳತೆಯಲ್ಲಿ ನೋಡಿ. ನಡುವೆ ಹೊಟ್ಟೆ ಬಿಟ್ಟಿದ್ದರೆ ಮಣ್ಣು ಇಳಿಸುವವರೆಗೆ ಅದರ ಕೆಳಗೆ ಮಲಗಬೇಡಿ. ಮೇಲೆ ಸಿಮೆಂಟ್ ಕಾಂಕ್ರೀಟ್ ಸುರಿದು ‘ವಾಟರ್‌ಪ್ರೂಫ್ ಮಾಡಿಸಿದ್ದೇವೆ’ ಅಂದರೆ ಭಾರ ಇನ್ನೂ ಜಾಸ್ತಿ ಆಗಿದೆ ಅಂತ ಅರ್ಥ.

ನೀರು ಇಲ್ಲಿ ಮೇಲಿನಿಂದ ಮಾತ್ರ ಬರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳಲ್ಲಿ ಮಣ್ಣಿನ ಗೋಡೆಯ ಮನೆಗಳೇ ಮೊದಲು ಕುಸಿದದ್ದು. ಗೋಡೆಯ ಮೇಲೆ ಆ ವರ್ಷದ ನೀರಿನ ಗೆರೆ ಇದೆಯೇ ಎಂದು ಊರವರನ್ನು ಕೇಳಿ. ಕೃಷ್ಣೆಯ ಹಿನ್ನೀರಿನ ಕಡೆಯಾದರೆ ಮುಳುಗಡೆಯ ವಿಚಾರ ಬೇರೆ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತು ಕೃಷ್ಣಾ ನ್ಯಾಯಮಂಡಳಿಯ 2010ರ ತೀರ್ಪಿನಿಂದಲೂ ಇದೆ. ಮನೆ ಆ ಮಟ್ಟದ ಕೆಳಗಿದ್ದರೆ ನೀವು ಕೊಳ್ಳುತ್ತಿರುವುದು ಮನೆಯಲ್ಲ, ಪರಿಹಾರದ ಫೈಲು. ಹಳೇ ಬಾಗಲಕೋಟೆಯವರನ್ನು ಕೇಳಿದರೆ ಅದು ಎಷ್ಟು ವರ್ಷದ ಕೆಲಸ ಅಂತ ಹೇಳುತ್ತಾರೆ.

ಹಗೇವು ಕಂಡ ಕೂಡಲೇ ನಿಧಿಯ ಕತೆ ಶುರುವಾಗುತ್ತದೆ. ಅಗೆಯುವ ಆಸೆ ಬೇಡ. ಕರ್ನಾಟಕಕ್ಕೆ 1962ರದ್ದೇ ಒಂದು ನಿಧಿ ಕಾಯ್ದೆ ಇದೆ. ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಂಡರೆ ಅಪರಾಧ.

ಕಾಗದ: ಎಲ್ಲ ಸೀಮೆಗೂ ಒಂದೇ ತಲೆನೋವು

ಹೊಸ ಸೈಟಿಗೆ ಮಾರುವವರು ಒಬ್ಬರೋ ಇಬ್ಬರೋ ಇರುತ್ತಾರೆ. ಪಿತ್ರಾರ್ಜಿತ ಮನೆಗೆ ಹದಿನೈದು ಜನ ಇರಬಹುದು. ಪುರಸಭೆಯ ಖಾತೆ ಮಾತ್ರ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ. ‘ಎಲ್ಲ ಅಣ್ಣತಮ್ಮಂದಿರೂ ಒಪ್ಪಿದ್ದಾರೆ’ ಎಂದು ಹೇಳುತ್ತಾರೆ. ಅಕ್ಕತಂಗಿಯರು? ಅಲ್ಲೇ ಮಾತು ನಿಲ್ಲುತ್ತದೆ.

ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಸಮಪಾಲು 1994ರ ಜುಲೈ 30ರಿಂದಲೇ ಬಂತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ದಿನ ತಂದೆ ಬದುಕಿರಲೇಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿ ಗೊಂದಲ ಮುಗಿಸಿತು. ಹಾಗಾಗಿ 1980ರಲ್ಲಿ ಮದುವೆಯಾಗಿ ಹೋದ ಅತ್ತೆಯ ಸಹಿಯೂ ಬೇಕಾಗಬಹುದು, ಅವರಿಲ್ಲದಿದ್ದರೆ ಅವರ ಮಕ್ಕಳದ್ದು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಪಾಲುಪಟ್ಟಿ ಇದ್ದರೆ ಮಾತ್ರ ನಿರಾಳ. ಪಾಲುಪಟ್ಟಿ ಇದೆ ಎಂದರೆ ಕಣ್ಣಿಂದ ನೋಡಿ, ನೋಂದಣಿ ನಂಬರು ಬರೆದುಕೊಳ್ಳಿ. ಬಿಳಿ ಹಾಳೆಯಲ್ಲಿ ಪಂಚರು ಬರೆದದ್ದನ್ನು ಪಾಲುಪಟ್ಟಿ ಎಂದು ತೋರಿಸುವವರೂ ಇದ್ದಾರೆ.

‘ಸದ್ಯಕ್ಕೆ ನನ್ನ ಪಾಲು ತಗೊಳ್ಳಿ, ತಮ್ಮಂದು ಆಮೇಲೆ ಮಾಡಿಸಿಕೊಡ್ತೀನಿ’ ಅನ್ನುವ ಮಾತಿಗೆ ಮಾತ್ರ ಬೀಳಬೇಡಿ. ಪಾಲಾಗದ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲು ಕೊಂಡ ಹೊರಗಿನವನಿಗೆ ಉಳಿದವರ ಜೊತೆ ಆ ಮನೆಯಲ್ಲಿ ಇರುವ ಹಕ್ಕಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮು ಹಾಗೆ ಹೇಳುತ್ತದೆ. ಪಾಲಿಗೆ ಕೇಸು ಹಾಕಿದರೆ, 1893ರ ವಿಭಾಗ ಕಾಯ್ದೆಯ ಪ್ರಕಾರ ಮನೆಯವರು ನಿಮ್ಮ ಪಾಲನ್ನು ಬೆಲೆ ಕಟ್ಟಿಸಿ ತಾವೇ ಕೊಂಡುಬಿಡಬಹುದು. ಅಂದರೆ ದುಡ್ಡು ನಿಮ್ಮದು, ಉಯ್ಯಾಲೆ ಅವರದು.

ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಹಳೇ ಮನೆಗೆ ಅದು ಸಾಲದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೈಬರಹದ ಪುಸ್ತಕದಿಂದ ಹಿಂದಿನದೂ ತೆಗೆಸಬೇಕು. ಪಟ್ಟಣದ ಮನೆಗೆ ಇ-ಖಾತಾ, ಪಂಚಾಯ್ತಿಯ ಮನೆಗೆ ಇ-ಸ್ವತ್ತಿನ ನಮೂನೆ 9, 11 ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಅಜ್ಜನ ಹೆಸರಿನ ಖಾತೆಯನ್ನು ಮಾರುವವರೇ ತಮ್ಮ ಹೆಸರಿಗೆ ಮಾಡಿಸಿಕೊಂಡು ಬರಲಿ. ಅದು ಅವರ ಓಡಾಟ, ನಿಮ್ಮದಲ್ಲ.

ವಾರಸುದಾರರಲ್ಲಿ ಒಬ್ಬರು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವುದು ಈಗ ಮಾಮೂಲು. ಅವರು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ಮಾಡಿ ಕಳಿಸಿದ ಮುಖ್ತಿಯಾರ ಪತ್ರಕ್ಕೆ (ಪವರ್ ಆಫ್ ಅಟಾರ್ನಿ), ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ತೆರಿಗೆಯ ಲೆಕ್ಕವೂ ಬೇರೆ. ಮಾರುವವರು ಇಲ್ಲಿನ ನಿವಾಸಿಗಳಾದರೆ, ಬೆಲೆ 50 ಲಕ್ಷ ಮುಟ್ಟಿದಾಗ ಶೇ 1 ಹಿಡಿದು ಕಟ್ಟಬೇಕು. ಅನಿವಾಸಿಯ ಪಾಲಿಗೆ ಈ ಮಿತಿ ಇಲ್ಲ, ದರವೂ ತುಂಬ ಜಾಸ್ತಿ. ಹಿಡಿಯದಿದ್ದರೆ ಇಲಾಖೆ ಕೇಳುವುದು ಕೊಂಡ ನಿಮ್ಮನ್ನು.

ಬಜೆಟ್ಟಿನಲ್ಲಿ ನೋಂದಣಿಯ ಖರ್ಚು ಮರೆಯಬೇಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಎಲ್ಲ ಸೇರಿ ಪಟ್ಟಣದಲ್ಲಿ ಶೇ 7.6 ಆಗುತ್ತದೆ. ಮಣ್ಣಿನ ಗೋಡೆಯ ಮನೆಗೆ ಬ್ಯಾಂಕ್ ಸಾಲ ಹುಟ್ಟುವುದೂ ಕಷ್ಟ. ಕೈಯಲ್ಲಿ ದುಡ್ಡಿಟ್ಟುಕೊಂಡೇ ಇಳಿಯಬೇಕು.

ಕೊಳ್ಳದೆ ಇರುವ ದಾರಿಗಳು

ಇಷ್ಟೆಲ್ಲ ಕೇಳಿ ಕೆಲವರು ‘ಮನೆ ಬೇಡ, ಅದರ ಕಂಬ, ಬಾಗಿಲು ಕೊಂಡು ಸೈಟಿನಲ್ಲಿ ಹೊಸ ತೊಟ್ಟಿಮನೆ ಕಟ್ಟೋಣ’ ಅನ್ನುತ್ತಾರೆ. ಬೀಳುವ ಸ್ಥಿತಿಯಲ್ಲಿರುವ, ಪಾಲಾಗಿ ಎರಡೆರಡು ಕೋಣೆಗೆ ಒಡೆದ ಮನೆಯಾದರೆ ಇದು ತಪ್ಪೇನಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈಯವರು ಮಾಡಿದ್ದು ಇದನ್ನೇ. ಕುಕನೂರಿನ ಕಮಲ ಮಹಲ್ ಸೇರಿದಂತೆ ಎಷ್ಟೋ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯೊಂದು ಹೀಗೇ ನಿಂತಿದೆ. ಆದರೆ ಅಲ್ಲಿ ಪ್ರತಿ ಮರಕ್ಕೂ ನಂಬರು ಹಾಕಿ, ಬಿಚ್ಚಿದ ಕ್ರಮದಲ್ಲೇ ಜೋಡಿಸುವ ಶಿಸ್ತು ಇತ್ತು. ಮರದ ವ್ಯಾಪಾರಿಯಿಂದ ಕೊಂಡರೆ ಒಂದು ಮನೆಯ ಕಂಬ, ಇನ್ನೊಂದರ ಬೋದಿಗೆ (ಕಂಬದ ತಲೆಯ ಮರ), ಮತ್ತೊಂದರ ಬಾಗಿಲು ಬರುತ್ತದೆ. ಅಳತೆ ಕೂಡುವುದಿಲ್ಲ, ಬಡಗಿ ಕೊಯ್ಯುತ್ತಾನೆ. ತೇಗ, ಬೀಟೆ ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕೇ ಎಂದು ಲಾರಿ ಹತ್ತಿಸುವ ಮುಂಚೆ ಕೇಳಿ, ಚೆಕ್‌ಪೋಸ್ಟಿನಲ್ಲಿ ನಿಂತ ಮೇಲಲ್ಲ. ನನ್ನನ್ನು ಕೇಳಿದರೆ, ನಿಲ್ಲಬಹುದಾದ ಮನೆಯನ್ನು ಕಂಬಕ್ಕಾಗಿ ಬಿಚ್ಚುವುದು ಅನ್ಯಾಯ. ಮಾರುವವರಿಗೆ ಮರದ ಬೆಲೆ ಮನೆಯ ಬೆಲೆಗಿಂತ ಬೇಗ ಕೈಗೆ ಸಿಗುತ್ತದೆ, ಅದೇ ಸಂಕಟ.

ಇನ್ನೊಂದು ದಾರಿ ಭೋಗ್ಯ. ಇದನ್ನು ಯಾರೂ ಯೋಚಿಸುವುದೇ ಇಲ್ಲ. ಬೀಗ ಹಾಕಿದ ಮನೆಯವರಿಗೂ ಯಾರಾದರೂ ದೀಪ ಹಚ್ಚಿಕೊಂಡಿದ್ದರೆ ಸಾಕು ಅನ್ನಿಸಿರುತ್ತದೆ. ಎರಡು ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕಿಕೊಂಡು, ಕರಾರು ನೋಂದಣಿ ಮಾಡಿಸಿ ಇದ್ದು ನೋಡಿ. ಎರಡು ಮಳೆಗಾಲ ಕಳೆದರೆ ಮಾಡಿನ ಗುಟ್ಟೂ ತಿಳಿಯುತ್ತದೆ, ದಾಯಾದಿಗಳ ಗುಟ್ಟೂ ತಿಳಿಯುತ್ತದೆ. ಮಲೆನಾಡಿನ ಮನೆಗಂತೂ ಇದೇ ಸರಿ ಅನ್ನುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ನಿವೃತ್ತರಾಗಿ ಗಂಡ ಹೆಂಡತಿ ಇಬ್ಬರೇ ಹೋಗಿ ಇರುವುದಾದರೆ ತೊಟ್ಟಿಮನೆ. ಬೀದಿಯಲ್ಲಿರುವ, ಹೆಂಚಿನ ಮಾಡಿನ, ಚಿಕ್ಕ ಮನೆ. ಮದ್ರಾಸ್ ತಾರಸಿಗಿಂತ ಹೆಂಚನ್ನು ಸರಿಮಾಡಿಸುವುದು ಸುಲಭ, ಕೈಯಿಂದ ಕೈಗೆ ಬಂದ ತಾರಸಿ ಕೆಲಸ ಬಲ್ಲ ಗಾರೆಯವರು ಈಗ ಅಪರೂಪ. ಶನಿವಾರ ಬಂದು ಭಾನುವಾರ ಹೋಗುವವರು ಚೌಕಿಮನೆಯ ಆಸೆ ಬಿಡಿ, ಅಥವಾ ಮನೆಯಲ್ಲೇ ಸಂಸಾರ ಇಟ್ಟುಕೊಂಡು ನೋಡಿಕೊಳ್ಳುವವರನ್ನು ಮೊದಲು ಹುಡುಕಿ, ಆಮೇಲೆ ಮನೆ ಹುಡುಕಿ. ಹೋಂಸ್ಟೇ ಮಾಡಿ ಖರ್ಚು ತೆಗೆಯುತ್ತೇವೆ ಅನ್ನುವವರಿಗೆ ಒಂದು ಮಾತು: ಮನೆಯವರು ಅಲ್ಲೇ ಇದ್ದು ಅತಿಥಿಗಳನ್ನು ನೋಡಿಕೊಳ್ಳುವುದಕ್ಕೇ ಹೋಂಸ್ಟೇ ಅನ್ನುವುದು. ಬೆಂಗಳೂರಿನಿಂದ ಫೋನಿನಲ್ಲಿ ನಡೆಸುವುದಲ್ಲ. ದೊಡ್ಡ ಜಾಗ ಬೇಕು, ಚಿತ್ರ ಬರೆಯುತ್ತೇನೆ, ಮಗ್ಗ ಇಡುತ್ತೇನೆ, ಶಾಲೆ ನಡೆಸುತ್ತೇನೆ ಅನ್ನುವವರಿಗೆ ವಾಡೆ. ನದಿಯಿಂದ ದೂರ ಇರಲಿ, ಮೊದಲ ವರ್ಷದ ದುಡ್ಡು ಮಾಳಿಗೆಯ ಮಣ್ಣು ಇಳಿಸಲಿಕ್ಕೇ ತೆಗೆದಿಡಿ. ಗುತ್ತಿನ ಮನೆ ಆ ಕುಟುಂಬದವರೇ ಒಬ್ಬರಿಂದ ಒಬ್ಬರು ಕೊಂಡುಕೊಳ್ಳುವುದು ಒಳ್ಳೆಯದು.

ಯಾವುದೇ ಮನೆ ಕೊಂಡರೂ ಮೊದಲ ಮಳೆಗಾಲ ಮುಗಿಯುವವರೆಗೆ ಬಣ್ಣ, ಟೈಲ್ಸು ಏನೂ ಬೇಡ, ಮಾಡು ಮತ್ತು ಮೋರಿ ಮಾತ್ರ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಬೇಡಿ. ಒಳಗಿನ ಪಸೆ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಕರಗುತ್ತದೆ. ಒಂದು ದಿನ ಸಿಮೆಂಟು ಹಪ್ಪಳದ ಹಾಗೆ ಎದ್ದು ಬರುತ್ತದೆ. ಸುಣ್ಣದ ಗಾರೆ, ಇಲ್ಲವೇ ಮಣ್ಣಿನ ಮೆತ್ತಿಗೆಯೇ ಸಾಕು. ಮೇಸ್ತ್ರಿ ‘ಅದೆಲ್ಲ ನಿಲ್ಲಲ್ಲ ಸಾರ್’ ಅಂದರೆ ಮೇಸ್ತ್ರಿಯನ್ನು ಬದಲಿಸಿ.

ಕೊನೆಗೆ ಕರಾರಿನ ವಿಷಯ. ಅಡ್ವಾನ್ಸ್ ಕೊಟ್ಟು ನೋಂದಣಿಗೆ ಕಾಯುವ ಮೂರು ತಿಂಗಳಲ್ಲಿ ಮನೆ ಮೆಲ್ಲಗೆ ಬರಿದಾಗುತ್ತದೆ. ‘ಅಪ್ಪನ ನೆನಪು’ ಎಂದು ಒಬ್ಬ ಮಗ ಉಯ್ಯಾಲೆ ಬಿಚ್ಚಿಕೊಂಡು ಹೋಗುತ್ತಾನೆ, ಇನ್ನೊಬ್ಬ ತಾಮ್ರದ ಹಂಡೆ, ಮೂರನೆಯವನು ದೇವರಮನೆಯ ಬಾಗಿಲೇ. ಅವರ ನೆನಪು ಅವರಿಗೆ ಇರಲಿ, ಕೇಳಿದರೆ ಕೊಟ್ಟುಬಿಡಿ. ಆದರೆ ಬೆಲೆ ಮಾತಾಡುವ ಮುಂಚೆಯೇ ಅದು ಗೊತ್ತಾಗಬೇಕು. ಕ್ರಯದ ಕರಾರಿನಲ್ಲಿ ಒಂದು ಪಟ್ಟಿ ಬರೆಸಿ: ಕಂಬ ಎಷ್ಟು, ಬಾಗಿಲು ಎಷ್ಟು, ಕಿಟಕಿ ಎಷ್ಟು, ಉಯ್ಯಾಲೆಯ ಮಣೆ, ಅದರ ಹಿತ್ತಾಳೆ ಸರಪಳಿ, ಒರಳು, ಬೀಸುಕಲ್ಲು, ಅಟ್ಟದ ಏಣಿ. ಪ್ರತಿಯೊಂದರ ಫೋಟೊ ತೆಗೆದು ಹಿಂದೆ ಎಲ್ಲ ವಾರಸುದಾರರ ಸಹಿ ಹಾಕಿಸಿ. ಒರಳನ್ನು ನೆಲದಲ್ಲಿ ಹೂತಿದ್ದಾರೆ, ಯಾರು ಒಯ್ಯುತ್ತಾರೆ ಅಂದುಕೊಳ್ಳಬೇಡಿ, ಒಯ್ಯುತ್ತಾರೆ.